ಸಾಹೇಬರ ಕುರ್ಚಿ

"ಈಗ ನುಂಗಿ ಮೇಷ್ಟ್ರೇ," ಎಂದಳು ಕುರ್ಚಿ ಅಕ್ಕ.

ನುಂಗುವುದು ಅಷ್ಟು ಸುಲಭವಿರಲಿಲ್ಲ. ಲೆಕ್ಕದ ಮೇಷ್ಟ್ರು ಎತ್ತರದ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಪಾದ ಯಾವುದಕ್ಕೂ ತಾಗುವಂತಿಲ್ಲ, ಕೈ ಏನನ್ನೂ ಹಿಡಿಯುವಂತಿಲ್ಲ, ಕತ್ತು ಹಿಂದಕ್ಕೆ ವಾಲಿಸಿ ಸೂರನ್ನೇ ನೋಡುತ್ತಿರಬೇಕು. ಹಾಗೆ ಕೂತವರ ಬಾಯಿಗೆ ಪಕ್ಕದಲ್ಲಿದ್ದ ಟೀಚರು ಒಂದು ಗುಟುಕು ನೀರು ಹಾಕಿದ್ದರು. ಆ ಗುಟುಕು ಒಳಗೆ ಹೋಗಲೋ ಹೊರಗೆ ಬರಲೋ ಎಂದು ಕ್ಷಣ ಯೋಚಿಸಿ, ಕೊನೆಗೆ ಕೆಮ್ಮಿನ ಜೊತೆ ಹೊರಗೇ ಬಂದು, ಮೇಷ್ಟ್ರ ಇಸ್ತ್ರಿ ಮಾಡಿದ ಕಾಲರನ್ನು ತೋಯಿಸಿತು. ಶಾಲೆಯ ಹಾಲಿನಲ್ಲಿದ್ದ ಅಪ್ಪ ಅಮ್ಮಂದಿರು, ಟೀಚರುಗಳು ಎಲ್ಲರೂ ನಕ್ಕರು. ತರಗತಿಯಲ್ಲಿ ನಗುವುದಕ್ಕೆ ಅಂಕ ಕಳೆಯುವ ಮನುಷ್ಯ ಅವರು. ಈಗ ಕರವಸ್ತ್ರದಿಂದ ಗಲ್ಲ ಒರೆಸಿಕೊಳ್ಳುತ್ತ ತಾವೂ ನಕ್ಕರು.

"ಸಾಕು, ಇಳೀರಿ. ಒಂದು ಗುಟುಕಿಗೇ ಹೀಗಾಯ್ತಲ್ಲ, ನಮ್ಮ ಮಕ್ಕಳಿಗೆ ದಿನಾ ಇದೇ ಥರ ಅಂಗಾತ ಮಲಗಿಸ್ಕೊಂಡು ತುತ್ತು ತುರುಕ್ತೀವಿ. ಉಗುಳಿದ್ರೆ ಹಠ ಅಂತೀವಿ. ಕೆಮ್ಮಿದ್ರೆ ನೆಗಡಿ ಅಂತೀವಿ," ಎಂದಳು ಕುರ್ಚಿ ಅಕ್ಕ.

ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಕುರ್ಚಿ ಅಕ್ಕ ಅವಳ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟು, "ನಾನೂ ತುರುಕಿದವಳೇ ಕಣಮ್ಮಾ. ಯಾರೂ ಹೇಳ್ಕೊಟ್ಟಿರಲಿಲ್ಲ. ಅದಕ್ಕೇ ಈಗ ಊರೂರು ತಿರುಗಿ ಹೇಳ್ತಿರೋದು," ಎಂದಳು.

ಅವಳು ಡಾಕ್ಟರಲ್ಲ, ಟೀಚರೂ ಅಲ್ಲ. ಕೈಕಾಲು ಸ್ವಾಧೀನವಿಲ್ಲದ ಒಬ್ಬ ಮಗನನ್ನು ಬೆಳೆಸುತ್ತ ಬೆಳೆಸುತ್ತ ಕಲಿತವಳು. ಕಲಿತದ್ದಕ್ಕೆ ಥೆರಪಿ ಕೇಂದ್ರದವರು ಆಮೇಲೆ ತಿದ್ದಿ ತೀಡಿ ಒಂದು ರೂಪ ಕೊಟ್ಟು, ಇಂಥ ಮಕ್ಕಳನ್ನು ಹೇಗೆ ಕೂರಿಸಬೇಕು, ಹೇಗೆ ಮಲಗಿಸಬೇಕು, ಹೇಗೆ ಎತ್ತಬೇಕು ಎಂದು ಬೇರೆ ತಂದೆ ತಾಯಿಗಳಿಗೂ ಟೀಚರುಗಳಿಗೂ ಹೇಳಿಕೊಡುವ ಕೆಲಸಕ್ಕೆ ಹಚ್ಚಿದ್ದರು. ಹೋದಲ್ಲೆಲ್ಲ ಒಂದು ಹಳೆಯ ಮರದ ಕುರ್ಚಿಯನ್ನು ಹೊತ್ತುಕೊಂಡು ಹೋಗುತ್ತಿದ್ದುದರಿಂದ ಅವಳಿಗೆ ಆ ಹೆಸರು ಅಂಟಿತ್ತು. ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ನೆನಪಿತ್ತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ," ಮೇಷ್ಟ್ರು ಒದ್ದೆ ಕಾಲರನ್ನು ಸರಿಮಾಡಿಕೊಳ್ಳುತ್ತ ಕೇಳಿದರು, "ಅದಕ್ಕೇ ಚಿಕ್ಕಂದಿನಲ್ಲೇ ಹಿಡಿದು ನೆಟ್ಟಗೆ ಮಾಡ್ಬೇಕು ಅಂತಲಾ ಅಕ್ಕ?"

"ಬಗ್ಗಿಸೋದೂ ಬೇಡ, ಎಳೆದು ನೆಟ್ಟಗೆ ಮಾಡೋದೂ ಬೇಡ ಮೇಷ್ಟ್ರೇ. ಬಳ್ಳಿ ಪಕ್ಕ ಒಂದು ಕೋಲು ನೆಡ್ತೀವಲ್ಲ, ಅಷ್ಟೇ. ಹಗಲು ಕೂತಾಗ ಒಂದು ಆಸರೆ, ಮಲಗಿದಾಗ ಒಂದು ಆಸರೆ. ಸುತ್ತಿದ ಟವೆಲ್ ಆದ್ರೂ ಸೈ, ದಿಂಬಾದ್ರೂ ಸೈ. ಮೈ ಒಂದೇ ಕಡೆ ವಾಲ್ತಾ ವಾಲ್ತಾ ಹಾಗೇ ಗಟ್ಟಿಯಾಗಿಬಿಡಬಾರದು."

ಕರಿಹಲಗೆಯ ಮೇಲೆ ಅವಳು ಬೆಳಿಗ್ಗೆಯೇ ಎರಡು ಸಾಲು ಬರೆದಿದ್ದಳು. ಮುಟ್ಟುವ ಮೊದಲು ಮಗುವನ್ನು ಕೇಳಿ, ಎಂಬುದು ಒಂದು. ಮಗುವಿಗೆ ಕುರ್ಚಿ, ಕುರ್ಚಿಗೆ ಮಗುವಲ್ಲ, ಎಂಬುದು ಇನ್ನೊಂದು. ಅವನ್ನು ಇನ್ನೊಮ್ಮೆ ಎಲ್ಲರ ಕೈಲಿ ಓದಿಸಿ, ಮೂಲೆಯಲ್ಲಿ ಹಾಸಿಗೆ ಹೊದಿಕೆ ಸುತ್ತಿಕೊಂಡು ಕೂತಿದ್ದ ಕುರ್ಚಿಯ ಕಡೆ ನಡೆದಳು.

ಹೊದಿಕೆ ತೆಗೆದಾಗ ಯಾರಾದರೂ ಒಬ್ಬರು "ಅಯ್ಯೋ, ಎಷ್ಟು ಚೆನ್ನಾಗಿದೆ!" ಎನ್ನುವುದು ವಾಡಿಕೆ. ಈ ಸಲವೂ ಅಂದರು. ಎತ್ತರದ ಬೆನ್ನು, ತಲೆಯ ಎರಡು ಪಕ್ಕ ಅಂಗೈಯಗಲದ ಆನಿಕೆ, ಪಕ್ಕೆಗಳಿಗೆ ಮೆತ್ತೆ ಹಚ್ಚಿದ ಹಲಗೆ, ಸೊಂಟಕ್ಕೊಂದು ಪಟ್ಟಿ, ಮುಂದೆ ಜಾರಿಸಿ ಕೂರಿಸುವ ಪುಟ್ಟ ಮೇಜು, ಕೆಳಗೆ ಪಾದ ಇಡಲು ಒಂದು ಹಲಗೆ. ಮುಟ್ಟಿ ಮುಟ್ಟಿ ಮರ ಜೇನುಬಣ್ಣಕ್ಕೆ ತಿರುಗಿತ್ತು.

"ಇದು ನಮ್ಮ ಸಾಹೇಬ್ರ ಕುರ್ಚಿ," ಎಂದಳು. ಹಾಗೆನ್ನುವಾಗ ಪ್ರತಿಸಲವೂ ಅವಳ ದನಿ ಸ್ವಲ್ಪ ಮೆತ್ತಗಾಗುತ್ತಿತ್ತು, ಈ ಸಲವೂ ಆಯಿತು.

ಸಾಹೇಬರೆಂದರೆ ಅವಳ ಮಗ. ಆ ಬಿರುದು ಕೊಟ್ಟವರು ಅವಳ ಮಾವ. ಮಾವ ಬಡಗಿ. ಬದುಕಿಡೀ ಬಾಗಿಲು ಕಿಟಕಿ ಬಿಟ್ಟು ಬೇರೇನನ್ನೂ ಮಾಡಿದವರಲ್ಲ. ಮನುಷ್ಯರು ಕೂರುವ ವಸ್ತುವಿಗಿಂತ ಮನುಷ್ಯರು ದಾಟಿಹೋಗುವ ವಸ್ತುವೇ ಮೇಲು, ಅದು ಯಾರ ಭಾರವನ್ನೂ ಹೊರಬೇಕಿಲ್ಲ ಎನ್ನುತ್ತಿದ್ದರು. ಅಂಥವರು ಮೊಮ್ಮಗನಿಗಾಗಿ ಮೊದಲ ಕುರ್ಚಿ ಮಾಡಿದಾಗ ಅದು ಬಾಗಿಲಿಗೆ ಕಾಲು ಬಂದ ಹಾಗಿತ್ತು. ಸಾಹೇಬರು ಅದರಿಂದ ಮೆಲ್ಲಗೆ ಜಾರಿ ನೆಲಕ್ಕೆ ಬಂದು ಆನಂದವಾಗಿ ನಕ್ಕರು. ಎರಡನೆಯದರಲ್ಲಿ ಜಾರಲಿಲ್ಲ, ವಾಲಿದರು. ಮಾವ ಕೂಡಲೇ ನೆಲದ ಮೇಲೆ ತಪ್ಪು ಹೊರಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ಒಳಗಿನಿಂದಲೇ ನಕ್ಕರೆ, ಮಾವ ಮಟ್ಟಗೋಲು ತಂದು ನೆಲದ ಮೇಲಿಟ್ಟು ತೋರಿಸಿದರು. ನೆಲ ನಿಜಕ್ಕೂ ಡೊಂಕಾಗಿತ್ತು. ಅದನ್ನು ಸರಿಮಾಡಿದ ಮೇಲೂ ಸಾಹೇಬರು ವಾಲಿದರು.

ಆಗ ಥೆರಪಿ ಕೇಂದ್ರದ ಹುಡುಗಿಯೊಬ್ಬಳು ಮನೆಗೆ ಬಂದು, ನೆಲದ ಮೇಲೆ ಕೂತು, ಮಗುವಿನ ಸೊಂಟ ಹಿಡಿದು ಮಾವನಿಗೆ ತೋರಿಸಿದಳು: ಮಗು ವಾಲುತ್ತಿರುವುದು ಬೆನ್ನಿನಲ್ಲಲ್ಲ, ಕೆಳಗೆ, ಕೂರುವ ಜಾಗದಲ್ಲಿ. ಮಾವ ಅವಳ ಜೊತೆ ಒಂದಿಡೀ ಮಧ್ಯಾಹ್ನ ಜಗಳವಾಡಿದರು. ಮರುದಿನ ಬೆಳಿಗ್ಗೆ ದಾರಕ್ಕೆ ಸೀಸದ ಗುಂಡು ಕಟ್ಟಿ ಮೊಮ್ಮಗನ ಬೆನ್ನ ಪಕ್ಕ ಇಳಿಬಿಟ್ಟು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಬಾಗಿಲ ಚೌಕಟ್ಟು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದರು. "ಸಾಹೇಬ್ರು ಎಡಕ್ಕೆ ಒಂದು ಬೆರಳು ಇಳಿದಿದ್ದಾರೆ. ತಪ್ಪು ಸಾಹೇಬ್ರದ್ದಲ್ಲ, ಹಲಗೇದು," ಎಂದು ತೀರ್ಪು ಕೊಟ್ಟರು. ದಪ್ಪ ಹಲಗೆ ತಂದು, ಎಡಗಡೆ ಒಂದು ಬೆರಳು ಎತ್ತರ ಉಳಿಯುವಂತೆ ಕೆತ್ತಿದರು. ಮರ ನಯ ಮಾಡುವ ಹತ್ತರಿ ಹೊಡೆಯುವಾಗ ಹಾರುತ್ತಿದ್ದ ಸುರುಳಿಗಳು ಪಕ್ಕದಲ್ಲಿ ಮಲಗಿದ್ದ ಮಗುವಿನ ಹೊಟ್ಟೆಯ ಮೇಲೆ ಬೀಳುತ್ತಿದ್ದವು. ಬಿದ್ದಾಗೊಮ್ಮೆ ಅವನು ಕಿಲಕಿಲ ನಗುತ್ತಿದ್ದ. ನಗಿಸುವುದಕ್ಕೆಂದೇ ಮಾವ ಬೇಕಾದ್ದಕ್ಕಿಂತ ಹೆಚ್ಚು ಹತ್ತರಿ ಹೊಡೆದರು ಎಂದು ಅತ್ತೆಯ ಆರೋಪ.

ಆ ಮೂರನೆಯ ಕುರ್ಚಿಯಲ್ಲಿ ಅವನನ್ನು ಕೂರಿಸಿದ ದಿನ ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿ ತಿರುಗಿದರೆ, ಮಗ. ಅದುವರೆಗೆ ಅವನು ಕಂಡದ್ದು ಮನೆಯ ಸೂರು ಮತ್ತು ಬಗ್ಗಿ ಮಾತಾಡಿಸುವವರ ಮೂಗಿನ ಹೊಳ್ಳೆ. ಈಗ ಅವನು ತಾಯಿಯನ್ನು ತಲೆಯಿಂದ ಕಾಲಿನವರೆಗೆ, ದೂರದಿಂದ, ಪುರುಸೊತ್ತಾಗಿ ನೋಡುತ್ತಿದ್ದ. "ಏನೋ ಅದು ಹಾಗೆ ನೋಡೋದು?" ಎಂದು ಗದರಿಸಲು ಹೋಗಿ ಅವಳು ನಾಚಿಕೊಂಡಳು, ಆಮೇಲೆ ಅತ್ತಳು, ಒಲೆಯ ಮೇಲಿದ್ದದ್ದು ಸೀದುಹೋಯಿತು. ಅಂಥ ಬೆಳಗು ಬದುಕಿನಲ್ಲಿ ಇನ್ನೊಂದು ಬರಲಿಲ್ಲ.

ಕುರ್ಚಿಯ ಎರಡೂ ಪಕ್ಕದ ಕಾಲುಗಳಲ್ಲಿ ಮಾವ ಸಾಲಾಗಿ ತೂತು ಕೊರೆದಿದ್ದರು. ಬೋಲ್ಟು ಬಿಚ್ಚಿ ಪಾದದ ಹಲಗೆಯನ್ನು ಮೇಲೆ ಕೆಳಗೆ ಮಾಡಬಹುದಿತ್ತು. ಸಾಹೇಬರು ಬೆಳೆದಂತೆ ಹಲಗೆ ಒಂದೊಂದೇ ತೂತು ಕೆಳಗಿಳಿಯಿತು. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರವನ್ನು ಗೋಡೆಯ ಮೇಲೆ ಗೀಚಿಡುತ್ತಾರೆ. ಆ ಮನೆಯಲ್ಲಿ ಅದು ತೂತುಗಳಲ್ಲಿತ್ತು. ಸಂಜೆ ಅಪ್ಪನ ಸ್ಕೂಟರು ಬೀದಿಯ ತಿರುವಿಗೆ ಬಂದ ಸದ್ದಾದರೆ ಸಾಕು, ಹುಡುಗನ ಹಿಮ್ಮಡಿಗಳು ಆ ಹಲಗೆಯ ಮೇಲೆ ಟಕಟಕ ಬಡಿಯುತ್ತಿದ್ದವು. "ಸಾಹೇಬ್ರು ಬಾಗಿಲು ತಟ್ತಿದ್ದಾರೆ, ಯಾರಾದ್ರೂ ತೆಗೀರಪ್ಪಾ!" ಎಂದು ಮಾವ ಒಳಗಿನಿಂದ ಕೂಗುತ್ತಿದ್ದರು. ಬಡಿದು ಬಡಿದು ಹಲಗೆಯಲ್ಲಿ ಎರಡು ತಗ್ಗು ಬಿದ್ದಿದ್ದವು, ಹೆಬ್ಬೆರಳು ಹುದುಗುವಷ್ಟು.

ಈಗ ಮಾವ ಇಲ್ಲ. ಸಾಹೇಬರಿಗೆ ಮೀಸೆ ಬಂದಿದೆ, ದೊಡ್ಡ ಗಾಲಿಕುರ್ಚಿ ಬಂದಿದೆ. ಹಳೆಯ ಕುರ್ಚಿ ಹೊದಿಕೆ ಸುತ್ತಿಕೊಂಡು ತರಬೇತಿಯಿಂದ ತರಬೇತಿಗೆ ಅಲೆಯುತ್ತಿತ್ತು.

ಇದನ್ನೆಲ್ಲ ಅವಳು ಹಾಲಿನಲ್ಲಿ ಹೇಳಲಿಲ್ಲ. ಮೊದಲ ಕುರ್ಚಿ, ಎರಡನೆಯ ಕುರ್ಚಿ, ಡೊಂಕು ನೆಲ ಇಷ್ಟನ್ನು ಹೇಳಿ ಜನರನ್ನು ನಗಿಸಿ, "ಯಾರ ಮಗುವನ್ನಾದ್ರೂ ಕೂರಿಸಿ ತೋರಿಸ್ಲಾ?" ಎಂದು ಕೇಳಿದಳು.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. ಸಣಕಲು ಮೈ, ಗಟ್ಟಿ ದನಿ. ಕಂಕುಳಲ್ಲಿ ಐದಾರು ವರ್ಷದ ಮೊಮ್ಮಗಳು, ಒಗೆದು ಹೆಗಲಿಗೆ ಹಾಕಿಕೊಂಡ ಬಟ್ಟೆಯಂತೆ ಅಜ್ಜಿಯ ಮೇಲೆ ಬಿದ್ದುಕೊಂಡಿದ್ದಳು. "ನಮ್ಮ ಗುಬ್ಬೀನ ಕೂರಿಸಿ ತಾಯಿ. ಇವಳಮ್ಮ ಅಪ್ಪ ಇಬ್ರೂ ಕೆಲಸಕ್ಕೆ ಹೋಗ್ತಾರೆ, ಹಗಲೆಲ್ಲ ನಾನೇ ಇವಳ ಕುರ್ಚಿ. ಈ ಕುರ್ಚಿ ಕಾಲು ಅಲ್ಲಾಡ್ತಿದೆ ಈಗ," ಎಂದು ತಮ್ಮ ಮಂಡಿ ತಟ್ಟಿ ತೋರಿಸಿದರು.

ಮೇಷ್ಟ್ರು ಮುಂದೆ ಬಂದರು. "ರಜೆ ಮುಗಿದ ಮೇಲೆ ನನ್ನ ಕ್ಲಾಸಿಗೇ ಬರ್ಬೇಕಿರೋ ಹುಡುಗಿ ಅಕ್ಕ. ಕೂತ್ಕೊಳ್ಳೋಕಾದ್ರೆ ಸೇರಿಸ್ಕೊಳ್ಳೋಣ ಅಂದಿದ್ದಾರೆ ಹೆಡ್‌ಮೇಷ್ಟ್ರು. ನಿಮ್ಮ ಕೇಂದ್ರದಲ್ಲಿ ಕೇಳಿದ್ವಿ, ಹೊಸ ಕುರ್ಚಿ ಬರೋಕೆ ಬಹಳ ತಡ ಅಂದ್ರು. ಅಷ್ಟರಲ್ಲಿ ವರ್ಷಾನೇ ಹೋಗುತ್ತೆ."

ಕುರ್ಚಿ ಅಕ್ಕ ಗುಬ್ಬಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ, "ಎತ್ತಿ ಕೂರಿಸ್ಲಾ ಪುಟ್ಟಿ?" ಎಂದಳು. ಹುಡುಗಿ ನಕ್ಕಿತು. ಎತ್ತಿ ಕೂರಿಸಿ, ಸೊಂಟದ ಪಟ್ಟಿ ಹಾಕಿ ನೋಡಿದರೆ, ಪಾದಗಳು ಹಲಗೆಗಿಂತ ಬಹಳ ಮೇಲೆ ತೂಗಾಡುತ್ತಿದ್ದವು. ಕೂರುವ ಹಲಗೆಯ ಎಡಗಡೆಯ ಎತ್ತರ ಅವಳನ್ನು ಬಲಕ್ಕೆ ತಳ್ಳುತ್ತಿತ್ತು. ಸಾಹೇಬರನ್ನು ನೆಟ್ಟಗೆ ಕೂರಿಸಿದ ಮರ ಗುಬ್ಬಿಯನ್ನು ಓರೆ ಮಾಡುತ್ತಿತ್ತು.

ಅವಳು ಚೀಲದಿಂದ ಟವೆಲುಗಳನ್ನು ತೆಗೆದಳು. ಒಂದನ್ನು ಸುತ್ತಿ ಬಲ ತೊಡೆಯ ಕೆಳಗೆ ತುರುಕಿದಳು, ಇನ್ನೊಂದನ್ನು ಪಕ್ಕೆಗೆ ಒತ್ತಿದಳು, ಮತ್ತೆರಡನ್ನು ಮಡಿಸಿ ಪಾದದ ಹಲಗೆಯ ಮೇಲೆ ಪೇರಿಸಿದಳು. ಹುಡುಗಿ ಕಾಲು ಒದರಿದ ಕೂಡಲೇ ಪೇರಿಸಿದ್ದು ಜಾರಿ ಬಿತ್ತು. ಮತ್ತೆ ಪೇರಿಸಿದಳು.

"ಅಲ್ಲ ತಾಯಿ," ಅಜ್ಜಿ ಬಗ್ಗಿ ನೋಡಿದರು, "ಇಲ್ಲಿ ಇಷ್ಟೊಂದು ತೂತು ಇದಾವಲ್ಲ, ಆ ಹಲಗೆ ಎತ್ತಿ ಮೇಲಿನ ತೂತಿಗೆ ಹಾಕಬಾರದಾ?"

"ಅದು... ತುಕ್ಕು ಹಿಡಿದಿದೆ ಅಜ್ಜಿ. ಬಿಚ್ಚೋಕಾಗಲ್ಲ."

"ನನ್ನ ಗಾಡೀಲಿ ಸ್ಪ್ಯಾನರ್ ಇದೆ. ತರ್ತೀನಿ, ಒಂದು ನಿಮಿಷ," ಎಂದು ಮೇಷ್ಟ್ರು ಹೊರಟೇಬಿಟ್ಟರು.

"ಬೇಡ!"

ಅವಳ ದನಿ ಅಷ್ಟು ಜೋರಾಗಿ ಹೊರಬಿದ್ದದ್ದು ಅವಳಿಗೇ ಆಶ್ಚರ್ಯ. ಮೇಷ್ಟ್ರು ಬಾಗಿಲಲ್ಲೇ ನಿಂತರು. ಅಜ್ಜಿಗೆ ಕೇಳಬಾರದ್ದೇನೋ ಕೇಳಿದೆ ಅನ್ನಿಸಿರಬೇಕು. ಬೇರೆಯವರ ಮನೆಯ ವಸ್ತುವನ್ನು ಮೊಮ್ಮಗಳು ಕೆಡಿಸಿದಳೇನೋ ಎಂಬಂತೆ ಗಾಬರಿಯಾಗಿ, "ಇರಲಿ ಬಿಡಿ ತಾಯಿ, ಪರವಾಗಿಲ್ಲ. ನಮ್ಮ ಹುಡುಗಿ ತುಂಬ ಒಳ್ಳೇಳು. ಹೊಂದ್ಕೊಂಡು ಕೂರ್ತಾಳೆ," ಎಂದರು.

ಆ ಮಾತು ಅವಳಿಗೆ ಚುರುಕ್ಕೆಂದಿತು. ಹೊಂದಿಕೊಳ್ಳುತ್ತದೆ ಬಿಡಿ ಎಂಬ ಮಾತಿನ ಜೊತೆಗೇ ಅವಳ ಜೀವಮಾನದ ಜಗಳ. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ನೆಂಟರ ಮನೆಯಲ್ಲಿ, ಎಲ್ಲ ಕಡೆ ಆ ಮಾತನ್ನು ಕೇಳಿ ಕೇಳಿ, ಅದರ ವಿರುದ್ಧವೇ ಕರಿಹಲಗೆಯ ಮೇಲೆ ಆ ಸಾಲು ಬರೆಯುತ್ತಿದ್ದವಳು. ಈಗ ಅದನ್ನು ತಾನೇ ಒಬ್ಬ ಮುದುಕಿಯ ಬಾಯಿಂದ ಹೊರಡಿಸಿದ್ದಳು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಓರೆಯಾಗಿ ಕೂತ ಗುಬ್ಬಿ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಖುಷಿಯಲ್ಲಿ, ನಗುತ್ತಲೇ ಇತ್ತು. ಅದು ಅತ್ತಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವಳು ಟವೆಲುಗಳನ್ನು ಒಂದೊಂದಾಗಿ ತೆಗೆದು, ಪಟ್ಟಿ ಬಿಚ್ಚಿ, ಹುಡುಗಿಯನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. "ಹುಡುಗಿ ಸರಿಯಾಗೇ ಇದ್ದಾಳೆ ಅಜ್ಜಿ. ಕುರ್ಚಿ ಸರಿ ಇಲ್ಲ," ಎಂದಷ್ಟೇ ಹೇಳಿದಳು. ಮುಂದಿನ ಪಾಠವನ್ನು ಚಾಪೆಯ ಮೇಲೆ ದಿಂಬುಗಳನ್ನಿಟ್ಟು ಮುಗಿಸಿದಳು. ಸಂಜೆ ಶಾಲೆಯ ವ್ಯಾನಿನಲ್ಲಿ ಕುರ್ಚಿಯ ಪಕ್ಕ ಕೂತು ಮನೆಗೆ ಹೋಗುವಾಗ, ಹೊದಿಕೆಯ ಒಳಗೆ ಕೈ ತೂರಿಸಿ ಆ ಎರಡು ತಗ್ಗುಗಳನ್ನು ಮುಟ್ಟಿ ನೋಡಿಕೊಂಡಳು.

ಮನೆಯಲ್ಲಿ ಅವಳ ಗಂಡ ಮಗನ ಗಡ್ಡ ಬೋಳಿಸುತ್ತಿದ್ದ. ಸಾಹೇಬರು ಕಿಟಕಿಯ ಬಳಿ ತಮ್ಮ ಗಾಲಿಕುರ್ಚಿಯಲ್ಲಿ, ಕತ್ತಿಗೆ ಟವೆಲು ಕಟ್ಟಿಸಿಕೊಂಡು, ರೇಡಿಯೋ ಕೇಳುತ್ತ ಕೂತಿದ್ದರು. ಅವನಿಗೆ ಮಾತು ಬರುವುದಿಲ್ಲ. ಹೌದು ಎನ್ನಲು ಕಣ್ಣು ಮೇಲೆತ್ತುತ್ತಾನೆ, ಬೇಡ ಎನ್ನಲು ಗಟ್ಟಿಯಾಗಿ ಮುಚ್ಚುತ್ತಾನೆ. ಅಷ್ಟರಲ್ಲೇ ಅವನು ಮನೆಯನ್ನೆಲ್ಲ ಆಳುತ್ತಾನೆ, ರೇಡಿಯೋದ ಸ್ಟೇಷನ್ನಿನಿಂದ ಹಿಡಿದು ಅಪ್ಪನ ಅಂಗಿಯ ಬಣ್ಣದವರೆಗೆ.

ಅವಳು ಶೂ ಬಿಚ್ಚದೆಯೇ ಕೂತು ನಡೆದದ್ದನ್ನೆಲ್ಲ ಹೇಳಿದಳು. ತುಕ್ಕು ಎಂದು ಸುಳ್ಳು ಹೇಳಿದ್ದನ್ನೂ ಹೇಳಿದಳು. ಗಂಡ ರೇಜರನ್ನು ನೀರಿನಲ್ಲಿ ಅದ್ದಿ ಕೊಡವಿದ.

"ಪ್ರತಿ ಸಲ ರಜೆ ಬಂದಾಗ ಆ ಬೋಲ್ಟುಗಳಿಗೆ ಎಣ್ಣೆ ಬಿಡೋಳು ನೀನೇ ಅಲ್ವೇನೇ?"

"ಹೌದು."

"ಯಾಕೆ ಬಿಡ್ತಿದ್ದೆ ಹಾಗಾದ್ರೆ? ಬಿಚ್ಚೋಕಲ್ದೆ?"

ಅವಳು ಶೂ ಬಿಚ್ಚತೊಡಗಿದಳು. "ಆ ಕೂರೋ ಹಲಗೇನ ಹತ್ತರಿ ಹೊಡೆದು ಸಮ ಮಾಡ್ಬೇಕಾಗುತ್ತೆ," ಎಂದಳು ಕೊನೆಗೆ. "ಮಾವ ಕೆತ್ತಿದ್ದು. ಹೊಡೆದ ಮೇಲೆ ಮತ್ತೆ ಬರಲ್ಲ. ಪಾದದ ಹಲಗೆ ಮೇಲಕ್ಕೆ ಹೋಗುತ್ತೆ, ಮೇಷ್ಟ್ರ ಕ್ಲಾಸಲ್ಲಿ ಇನ್ಯಾರೋ ಮಗು... ಇವನ ಚಿಕ್ಕಂದು ಅಂತ ನಮ್ಮ ಹತ್ರ ಇನ್ನೇನಿದೆ ಹೇಳಿ? ಓಡಾಡಿ ಮುರಿದ ಆಟದ ಸಾಮಾನಿದೆಯಾ, ಸವೆಸಿದ ಚಪ್ಪಲಿ ಇದೆಯಾ? ಇದೊಂದು."

ಗಂಡ ಮಗನ ಕೆನ್ನೆ ಒರೆಸಿದ. ಅವನಿಗೂ ಆ ಸ್ಕೂಟರಿನ ದಿನಗಳು ನೆನಪಾಗಿದ್ದವು. ಆಗೆಲ್ಲ ತಿರುವಿನಲ್ಲಿ ಬೇಕೆಂದೇ ಎಂಜಿನ್ನನ್ನು ಎರಡು ಸಲ ಜೋರಾಗಿ ಕೂಗಿಸುತ್ತಿದ್ದ. "ನನ್ನ ಕೇಳಿದ್ರೆ ಕೊಡು ಅಂತೀನಿ. ಆದ್ರೆ ನನ್ನ ಯಾಕೆ ಕೇಳ್ತೀಯ? ಕುರ್ಚಿ ನಂದೂ ಅಲ್ಲ, ನಿಂದೂ ಅಲ್ಲ. ಊರಿಗೆಲ್ಲ ಪಾಠ ಹೇಳ್ತೀಯಲ್ಲ, ಮುಟ್ಟೋ ಮೊದಲು ಕೇಳಿ ಅಂತ."

ಅವಳು ಎದ್ದು ಹೊದಿಕೆ ತೆಗೆದು ಕುರ್ಚಿಯನ್ನು ಮಗನ ಎದುರಿಗೆ ತಂದಿಟ್ಟಳು. ಈಗ ಅದರ ತಲೆಯ ಆನಿಕೆ ಅವನ ಎದೆಯ ಮಟ್ಟಕ್ಕಷ್ಟೇ ಬರುತ್ತಿತ್ತು. ಅವನು ಅದನ್ನೇ ನೋಡಿದ.

"ನಿನ್ನ ಕುರ್ಚಿ ಕಣೋ ಇದು. ತಾತ ಎಷ್ಟು ಕಷ್ಟಪಟ್ಟು ಮಾಡಿದ್ರು ಗೊತ್ತಲ್ಲ? ಎರಡು ಕುರ್ಚಿ ಹಾಳುಮಾಡಿ ಮೂರನೇದು ಇದು. ಇದನ್ನ ಹಾಗೇ ನಮ್ಮ ಹತ್ರಾನೇ ಇಟ್ಕೊಳ್ಳೋಣ, ಏನಂತೀಯ? ಆ ಹುಡುಗಿಗೆ ಬೇರೆ ಎಲ್ಲಾದ್ರೂ ವಿಚಾರಿಸಿದ್ರಾಯ್ತು."

ಸಾಹೇಬರು ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿದರು. ಮೂಗು, ಹಣೆ, ಆಗತಾನೆ ಬೋಳಿಸಿದ ಕೆನ್ನೆ ಎಲ್ಲ ಸುಕ್ಕುಗಟ್ಟುವಷ್ಟು ಗಟ್ಟಿಯಾಗಿ.

ಗಂಡ ಜೋರಾಗಿ ನಕ್ಕುಬಿಟ್ಟ. "ಕೇಳೋ ಪ್ರಶ್ನೇನ ನಿನ್ನ ಕಡೆಗೇ ಬಾಗಿಸ್ಕೊಂಡು ಕೇಳಿದ್ರೂ ಸಾಹೇಬ್ರು ವಾಲಲಿಲ್ಲ ನೋಡು!"

ಅವಳಿಗೆ ಸಿಟ್ಟು ಬಂತು, ನಗುವೂ ಬಂತು, ಅಳುವೂ ಬಂತು. ಮಗನ ಕೆನ್ನೆಯ ಮೇಲೆ ಉಳಿದಿದ್ದ ಸೋಪಿನ ನೊರೆಯನ್ನು ಬೆರಳಿಂದ ಒರೆಸಿದಳು. "ಕೊಡೋಣ್ವಾ ಹಾಗಾದ್ರೆ?" ಎಂದು ನೆಟ್ಟಗೆ ಕೇಳಿದಳು. ಅವನು ಕಣ್ಣು ಮೇಲೆತ್ತಿದ. ಆಮೇಲೆ ಬಾಗಿಲ ಕಡೆ ನೋಡಿದ, ಅವಳನ್ನು ನೋಡಿದ, ಮತ್ತೆ ಬಾಗಿಲ ಕಡೆ ನೋಡಿದ.

"ನೀನೂ ಬರ್ತೀಯಾ?"

ಕಣ್ಣು ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ.

ರಜೆ ಮುಗಿದು ಶಾಲೆ ತೆರೆಯುವ ದಿನ ಬೆಳಿಗ್ಗೆ ಮೂವರೂ ಬಂದರು. ಪಾಠ ಶುರುವಾಗುವ ಮೊದಲು, ಲೆಕ್ಕದ ಮೇಷ್ಟ್ರ ಕೋಣೆಯಲ್ಲಿ, ಬೆಂಚುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿದರು. ಅಜ್ಜಿ ಗುಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಸಾಹೇಬರ ಗಾಲಿಕುರ್ಚಿಯನ್ನು ಎಲ್ಲ ಕಾಣುವಂತೆ ನಡುವೆ ನಿಲ್ಲಿಸಿದರು. "ಕೆಲಸ ಸರಿಯಾಗಿ ನಡೀತಿದೆಯಾ ಅಂತ ನೋಡ್ಕೊಳ್ಳೋಕೆ ಸಾಹೇಬ್ರು ಬಂದಿದ್ದಾರೆ," ಎಂದು ಗಂಡ ಪರಿಚಯ ಮಾಡಿಸಿದ. ಗುಬ್ಬಿ ಮೀಸೆಯ ಸಾಹೇಬರನ್ನು ಬಾಯಿ ತೆರೆದು ನೋಡಿತು.

ಮೇಷ್ಟ್ರು ಸ್ಪ್ಯಾನರ್ ಹಿಡಿದು ತೋಳು ಮಡಿಸಿಕೊಂಡು, ತುಕ್ಕಿನ ಜೊತೆ ಗುದ್ದಾಡಲು ಸಿದ್ಧರಾಗಿ ಬಂದಿದ್ದರು. ಬೋಲ್ಟು ಬೆಣ್ಣೆಯಲ್ಲಿ ಬೆರಳು ಆಡಿದ ಹಾಗೆ ತಿರುಗಿತು. ಮೇಷ್ಟ್ರು ಕುರ್ಚಿ ಅಕ್ಕನ ಮುಖ ನೋಡಿದರು. ಅವಳು ಕರಿಹಲಗೆಯ ಮೇಲೆ ಏನೂ ಬರೆದಿಲ್ಲದಿದ್ದರೂ ಅದನ್ನೇ ಓದುತ್ತಿದ್ದಳು. ಮೇಷ್ಟ್ರು ಏನೂ ಕೇಳಲಿಲ್ಲ. ಅಂಕ ಕಳೆಯುವವರಿಗೂ ಕೆಲವೊಮ್ಮೆ ಔದಾರ್ಯ ಬರುತ್ತದೆ.

ಕೂರುವ ಹಲಗೆಯನ್ನು ಬೆಂಚಿನ ಮೇಲಿಟ್ಟು ಗಂಡ ಅಪ್ಪನ ಹತ್ತರಿಯನ್ನು ಕೈಗೆತ್ತಿಕೊಂಡ. ಅವನು ಬಡಗಿಯಾಗಿರಲಿಲ್ಲ, ಅಚ್ಚುಮನೆಯ ಕೆಲಸಕ್ಕೆ ಹೋಗಿದ್ದ. ಆದರೂ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಲಿತದ್ದನ್ನು ಕೈ ಮರೆತಿರಲಿಲ್ಲ. ಮೊದಲ ಎಳೆತಕ್ಕೆ ಜೇನುಬಣ್ಣದ ಮೇಲ್ಪದರ ಹೋಗಿ ಒಳಗಿನ ಬಿಳಿ ಮರ ಕಂಡಿತು. ಜೊತೆಗೇ ವಾಸನೆ ಎದ್ದಿತು. ಇಷ್ಟು ವರ್ಷ ಆ ಮರದೊಳಗೆ ಹಾಗೇ ಕೂತಿದ್ದ ಹಸಿ ಹಸಿ ವಾಸನೆ, ಮಾವನ ಅಂಗಿಯ ವಾಸನೆ, ಅವರು ಊಟಕ್ಕೆ ಬಂದು ಕೂತಾಗ ಅಡುಗೆಮನೆಗೆಲ್ಲ ಹಬ್ಬುತ್ತಿದ್ದ ವಾಸನೆ. ಕುರ್ಚಿ ಅಕ್ಕನಿಗೆ ತಡೆಯಲಾಗಲಿಲ್ಲ. ಅಲ್ಲೇ ಬೆಂಚಿನ ತುದಿಯಲ್ಲಿ ಕೂತು, ಎಲ್ಲರ ಎದುರಿಗೇ ಅತ್ತಳು. ಅಜ್ಜಿ ಸರಿದು ಬಂದು, ಮೊಮ್ಮಗಳನ್ನು ಒಂದು ತೊಡೆಗೆ ಜರುಗಿಸಿ, ಇನ್ನೊಂದು ಕೈಯನ್ನು ಅವಳ ಬೆನ್ನ ಮೇಲಿಟ್ಟರು.

ಹತ್ತರಿಯಿಂದ ಹಾರಿದ ಸುರುಳಿಯೊಂದು ಸಾಹೇಬರ ತೊಡೆಯ ಮೇಲೆ ಬಿತ್ತು. ಸಾಹೇಬರು ನಕ್ಕರು. ದನಿ ಒಡೆದು ಗಡಸಾಗಿತ್ತು, ಆದರೆ ನಗುವ ರೀತಿ ಅದೇ, ಉಸಿರು ಸಿಕ್ಕಿಕೊಂಡು ಬಿಡುವ ರೀತಿ. ಗಂಡ ತಲೆಯೆತ್ತಿ ಹೆಂಡತಿಯನ್ನು ನೋಡಿ, ಹಲಗೆ ಸಮವಾದ ಮೇಲೂ ಇನ್ನೆರಡು ಸಲ ಹತ್ತರಿ ಎಳೆದ.

ಪಾದದ ಹಲಗೆಯನ್ನು ಮೇಲಿನ ತೂತಿಗೆ ಕೂರಿಸಬೇಕು ಎನ್ನುವಾಗ ಅವಳು ಕಣ್ಣೊರೆಸಿಕೊಂಡು ಎದ್ದು ಬಂದಳು. "ಇದನ್ನ ಮಗುಚಿ ಹಾಕಿ," ಎಂದಳು ಮೇಷ್ಟ್ರಿಗೆ. "ಮೇಲೆ ತಗ್ಗು ಇದ್ರೆ ಹುಡುಗಿ ಪಾದ ಸಮ ಕೂರಲ್ಲ." ಈಗ ಅವಳ ದನಿಯಲ್ಲಿ ಮತ್ತೆ ತರಬೇತಿಯ ಗತ್ತು ಬಂದಿತ್ತು. ಮೇಷ್ಟ್ರು ಹಲಗೆಯನ್ನು ತಿರುಗಿಸಿದರು. ನುಣುಪಾದ ಮೈ ಮೇಲೆ ಬಂತು, ಎರಡು ತಗ್ಗುಗಳು ಕೆಳಗಾಗಿ ನೆಲ ನೋಡಿದವು.

ಗುಬ್ಬಿಯನ್ನು ಕೇಳಿ, ಎತ್ತಿ, ಕೂರಿಸಿದರು. ಅಜ್ಜಿಯ ಕೈಯಲ್ಲೇ ಸೊಂಟದ ಪಟ್ಟಿ ಹಾಕಿಸಿದಳು, ಅಜ್ಜಿಯ ಕೈಯಲ್ಲೇ ಪಕ್ಕೆಯ ಹಲಗೆಯನ್ನು ಬಿಗಿಸಿದಳು, ಬೆರಳು ತೂರುವಷ್ಟು ಸಡಿಲ ಇದೆಯೇ ಎಂದು ಮೇಷ್ಟ್ರಿಂದ ಪರೀಕ್ಷೆ ಮಾಡಿಸಿದಳು. ಟವೆಲುಗಳು ಚೀಲದಲ್ಲೇ ಉಳಿದವು. ಹುಡುಗಿಯ ತಲೆ ಮೆಲ್ಲಗೆ, ತಾನಾಗಿಯೇ ಮೇಲೆ ಬಂತು. ಕೋಣೆಯನ್ನು ನೋಡಿತು. ಕಿಟಕಿ, ಕರಿಹಲಗೆ, ಎದುರಿಗೆ ಗಾಲಿಕುರ್ಚಿಯಲ್ಲಿ ತನ್ನನ್ನೇ ನೋಡುತ್ತಿರುವ ಮೀಸೆಯ ಸಾಹೇಬರು, ಕೊನೆಗೆ ಅಜ್ಜಿ. ಅಜ್ಜಿಯನ್ನು ತಲೆಯಿಂದ ಕಾಲಿನವರೆಗೆ, ದೂರದಿಂದ, ಪುರುಸೊತ್ತಾಗಿ ನೋಡಿತು.

"ಏನೇ ಅದು ಹಾಗೆ ನೋಡೋದು?" ಎಂದು ಅಜ್ಜಿ ಗದರಿಸಲು ಹೋದರು. ದನಿ ಗಟ್ಟಿಯಾಗಿ ಬರಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ನುಗ್ಗಿದರು, ಬೆಂಚುಗಳು ಮತ್ತೆ ಸಾಲಿಗೆ ಬಂದವು. ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿ ಮೊದಲ ಲೆಕ್ಕ ಬರೆಯತೊಡಗಿದರು. ಅಜ್ಜಿ ಖಾಲಿ ತೊಡೆಯ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಬಳಿ ಕೂತಿದ್ದರು. ಅಷ್ಟರಲ್ಲಿ ಕೋಣೆಯ ನಡುವಿಂದ ಸದ್ದು ಬಂತು. ಟಕ್. ಒಂದು ಕ್ಷಣ ಬಿಟ್ಟು, ಟಕ್ ಟಕ್.

ಮೇಷ್ಟ್ರ ಬಳಪ ನಿಂತಿತು. "ಸುಮ್ನಿರೇ ಗುಬ್ಬಿ!" ಎಂದು ಅಜ್ಜಿ ಎದ್ದರು.

"ಬಡೀಲಿ ಬಿಡಿ ಅಜ್ಜಿ," ಎಂದಳು ಕುರ್ಚಿ ಅಕ್ಕ. ಅವಳು ತಿರುಗಿ ನೋಡಲಿಲ್ಲ. ಮಗನ ಗಾಲಿಕುರ್ಚಿಯನ್ನು ಹೊರಗೆ ತಳ್ಳುವ ಮೊದಲು ಅವನ ತೊಡೆಯ ಮೇಲಿದ್ದ ಮರದ ಚೂರುಗಳನ್ನು ಕೊಡವುತ್ತಿದ್ದಳು. ಒಂದು ಸುರುಳಿಯನ್ನು ಮಾತ್ರ ಹಾಗೇ ಬಿಟ್ಟಳು. ಅದು ಫ್ಯಾನಿನ ಗಾಳಿಗೆ ಅವನ ಮಂಡಿಯ ಮೇಲೆ ಅಲುಗುತ್ತಿತ್ತು.